ಗ್ಯಾಸೋ, ಗುಂಡಿಗೆಯೋ

ರಾತ್ರಿ ಒಂದೂವರೆಗೆ ಎದೆಯ ಎಡಭಾಗದಲ್ಲಿ ಚಳಕ್ ಅಂದಿತು. ಎದ್ದು ಕೂತೆ. ಪಕ್ಕದಲ್ಲಿ ಮಲಗಿದ್ದ ನನ್ನವಳು ಕಣ್ಣು ಬಿಡದೆಯೇ ಕೇಳಿದಳು:

"ಗ್ಯಾಸೋ, ಗುಂಡಿಗೆಯೋ?"

"ಈ ಸಲ ಬೇರೆ ಥರ ಇದೆ ಕಣೇ."

"ಹೋದ ಸಲವೂ ಬೇರೆ ಥರಾನೇ ಇತ್ತು."

ಹಾಗೆಂದಳೇ ಹೊರತು ಐದು ನಿಮಿಷದಲ್ಲಿ ಸ್ಕೂಟರಿನ ಕೀ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎದೆನೋವು ಬಂದವನು ತಾನೇ ಗಾಡಿ ಓಡಿಸಿಕೊಂಡು ಹೋಗಬಾರದು ಎಂದು ಹಿಂದೊಮ್ಮೆ ಎಲ್ಲೋ ಓದಿ ಅವಳಿಗೆ ಪಾಠ ಹೇಳಿದ್ದವನು ನಾನೇ. ಕುವೆಂಪುನಗರದ ಖಾಲಿ ರಸ್ತೆಗಳಲ್ಲಿ, ಆಷಾಢದ ಗಾಳಿಗೆ, ಹೆಂಡತಿಯ ಬೆನ್ನ ಹಿಂದೆ ಕೂತು ಹೊರಟೆ. ಒಂದು ಕೈಯಲ್ಲಿ ಎದೆ, ಇನ್ನೊಂದು ಕೈಯಲ್ಲಿ ಹಳೆಯ ಇಸಿಜಿಗಳ ಫೈಲು. ತಿರುವಿನ ನಾಯಿಗಳು ಬೊಗಳಲಿಲ್ಲ. ಅವಕ್ಕೂ ನಮ್ಮ ಪರಿಚಯ ಆಗಿಹೋಗಿತ್ತು.

ಆಸ್ಪತ್ರೆಯ ಹೆಸರು ಬೇಡ. ರಾತ್ರಿ ಪಾಳಿಯ ಡಾಕ್ಟರು ನನ್ನ ಮಗಳಿಗಿಂತ ಮೂರ್ನಾಲ್ಕು ವರ್ಷಕ್ಕೆ ದೊಡ್ಡವನಿದ್ದಾನು. ಎದೆಗೂ ಕೈಕಾಲಿಗೂ ಸೇರಿ ಹತ್ತು ಕಡೆ ಅಂಟಿಸಿ ಹನ್ನೆರಡು ಸಾಲಿನ ಇಸಿಜಿ ತೆಗೆಸಿದ. ರಕ್ತ ತೆಗೆದು ಟ್ರೋಪೋನಿನ್ ಪರೀಕ್ಷೆಗೆ ಕಳಿಸಿದ. ಗುಂಡಿಗೆಯ ಸ್ನಾಯುವಿಗೆ ಪೆಟ್ಟಾದರೆ ಅಲ್ಲಿಂದ ರಕ್ತಕ್ಕೆ ಸೋರುವ ಪದಾರ್ಥ ಅದು. ಏರುವುದಕ್ಕೆ ಹೊತ್ತು ಹಿಡಿಯುವುದರಿಂದ ಕೆಲವು ಗಂಟೆ ಬಿಟ್ಟು ಇನ್ನೊಮ್ಮೆ ನೋಡುತ್ತಾರೆ. ಬೆಳಗಿನ ಐದಕ್ಕೆ ಎರಡನೆಯದೂ ನಾರ್ಮಲ್ ಬಂತು. ಹುಡುಗ ಬಂದು ನನ್ನ ಪಕ್ಕೆಲುಬಿನ ಸಂದಿಯಲ್ಲಿ ಬೆರಳಿಟ್ಟು ಒತ್ತಿದ.

"ಇಲ್ಲಿ ನೋವಾಗುತ್ತಾ ಅಂಕಲ್?"

"ಅಯ್ಯಯ್ಯೋ, ಅಲ್ಲೇ ಅಲ್ಲೇ!"

"ನಿನ್ನೆಯಿಂದ ಎಷ್ಟು ಸಲ ಒತ್ತಿಕೊಂಡು ನೋಡಿದೀರಾ?"

ನಾನು ಹೆಂಡತಿಯ ಮುಖ ನೋಡಿದೆ. ಅವಳು ಸೂರು ನೋಡಿದಳು. ನೋವಿದೆಯೋ ಹೋಯಿತೋ ಎಂದು ದಿನಕ್ಕೆ ನಲವತ್ತು ಐವತ್ತು ಸಲ ಅದೇ ಜಾಗವನ್ನು ಒತ್ತಿ ಒತ್ತಿ, ಇಲ್ಲದ ನೋವನ್ನು ನೆಟ್ಟು ನೀರೆರೆದು ಬೆಳೆಸಿಕೊಂಡಿದ್ದೆ.

ನಾನು ಎಲ್‌ಐಸಿ ಏಜೆಂಟ್. 28 ವರ್ಷದಿಂದ ಜನರ ಮನೆಯ ಜಗುಲಿಯಲ್ಲಿ ಕೂತು, ಅವರು ಕೊಟ್ಟ ಕಾಫಿ ಕುಡಿದು, "ನಾಳೆ ನಿಮಗೇನಾದರೂ ಆದರೆ" ಎಂದು ನಯವಾಗಿ ಶುರು ಮಾಡುವುದು ನನ್ನ ಕಸುಬು. ಆ 'ಏನಾದರೂ' ಎಂಬ ಪದದಲ್ಲಿ ನನ್ನ ಮನೆ ನಡೆದಿದೆ, ಮಗಳ ಓದು ಮುಗಿದಿದೆ. ಅಷ್ಟು ಜನಕ್ಕೆ ಹಂಚಿದ ಭಯದ ಕಮಿಷನ್ನು ಈಗ ಒಟ್ಟಿಗೆ ಬಂದಿದೆ ಎಂದು ನನ್ನವಳ ಅಭಿಪ್ರಾಯ.

ನಮ್ಮ ಪ್ರಪೋಸಲ್ ಫಾರಮಿನಲ್ಲಿ ಕುಟುಂಬದ ಚರಿತ್ರೆ ಎಂದು ಒಂದು ಕೋಷ್ಟಕ ಇರುತ್ತದೆ. ತಂದೆ, ತಾಯಿ, ಅಣ್ಣತಮ್ಮ, ಅಕ್ಕತಂಗಿ, ಹೆಂಡತಿ ಅಥವಾ ಗಂಡ, ಮಕ್ಕಳು. ಬದುಕಿದ್ದರೆ ವಯಸ್ಸು ಮತ್ತು ಆರೋಗ್ಯದ ಸ್ಥಿತಿ. ಇಲ್ಲದಿದ್ದರೆ ತೀರಿಕೊಂಡಾಗಿನ ವಯಸ್ಸು ಮತ್ತು ಕಾರಣ. ಜನ ಅಲ್ಲಿಗೆ ಬಂದಾಗ ಸ್ವಲ್ಪ ತಡೆಯುತ್ತಾರೆ. ನಾನು ಪೆನ್ನಿನ ತುದಿ ಕಾಗದದ ಮೇಲಿಟ್ಟುಕೊಂಡು ಕಾಯುತ್ತೇನೆ. ಕೆಲಸಕ್ಕೆ ಸೇರಿದ ವರ್ಷ ನನ್ನದೇ ಮೊದಲ ಪಾಲಿಸಿಯ ಫಾರಂ ತುಂಬಿದಾಗ ತಂದೆಯ ಸಾಲಿನಲ್ಲಿ ಬರೆದದ್ದು: 52, ಹೃದಯಾಘಾತ. ಅಮ್ಮ ಪಕ್ಕದಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಏನು ಬರೆದೆ ಎಂದು ಕೇಳಿ, ಓದಿಸಿಕೊಂಡು, "ಅದಲ್ಲ ಕಣೋ. ನಾನು ಹಾಕಿದ ತುಪ್ಪ" ಎಂದಳು.

1995ರ ಜನವರಿ. ಸಂಕ್ರಾಂತಿಗೆ ಐದು ದಿನ ಇತ್ತು. ನಮ್ಮೂರು ಹೊಳೆನರಸೀಪುರದ ಕಡೆ, ಹೇಮಾವತಿಯ ದಂಡೆಯಲ್ಲಿ. ಧನುರ್ಮಾಸದ ಬೆಳಗು, ಹೊಳೆಯ ಮಂಜು ಹಿತ್ತಲಿನವರೆಗೂ ಬಂದಿತ್ತು. ಅಪ್ಪ ಪ್ರೈಮರಿ ಸ್ಕೂಲಿನ ಮೇಷ್ಟ್ರು. ತಣ್ಣೀರು ಸ್ನಾನ ಮಾಡಿ, ದೇವಸ್ಥಾನಕ್ಕೆ ಹೋಗಿಬಂದು, ಬಿಸಿ ಹುಗ್ಗಿಯನ್ನು ಎರಡು ಸಲ ಹಾಕಿಸಿಕೊಂಡು ತಿಂದರು. ಸ್ವಲ್ಪ ಹೊತ್ತಿಗೆ ಎದೆಯ ನಡುವೆ ಕೈಯಿಟ್ಟುಕೊಂಡು, "ಯಾಕೋ ವಾಯು ತಿರುಗಿದೆ, ಒಂದು ಸೋಡಾ ತಾರೋ" ಅಂದರು. ನನಗಾಗ 21. ಸೈಕಲ್ ಹತ್ತಿ ಬಸ್‌ಸ್ಟಾಂಡಿನ ಅಂಗಡಿಗೆ ಹೋದೆ. ಒಂದು ಸಾಲದಿದ್ದರೆ ಎಂದು ಎರಡು ಗೋಲಿ ಸೋಡಾ ತಂದೆ. ಒಂದನ್ನು ಒಡೆದು ನಿಂಬೆರಸ, ಉಪ್ಪು ಹಾಕಿ ಕೊಟ್ಟೆ. ಕುಡಿದರು. ದೊಡ್ಡದಾಗಿ ತೇಗಿದರು. "ಹಾಂ, ಈಗ ವಾಸಿ" ಅಂದರು. ಹಾಗೆ ಅಂದದ್ದನ್ನು ನಾನು ನಂಬಿದೆ, ಅಮ್ಮ ನಂಬಿದಳು, ಎಲ್ಲರಿಗಿಂತ ಹೆಚ್ಚಾಗಿ ಅಪ್ಪ ನಂಬಿದರು. ಗೋಡೆಗೊರಗಿ ಪೇಪರು ಬಿಡಿಸಿಕೊಂಡರು. ಹೊಳೆನರಸೀಪುರದಿಂದ ಡಾಕ್ಟರು ಬರುವಷ್ಟರಲ್ಲಿ ಮಂಜು ಕರಗಿ ಬಿಸಿಲಾಗಿತ್ತು.

ಹದಿಮೂರನೆಯ ದಿನ ಕಳೆದ ಮೇಲೆ ಬಾಟಲಿಗಳನ್ನು ವಾಪಸು ಕೊಡಲು ಹೋದೆ. ಒಂದು ಖಾಲಿ, ಒಂದು ತುಂಬಿದ್ದು. ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ.

ಅಪ್ಪನಿಗೆ ಬಂದದ್ದು ಹೃದಯಾಘಾತ, ಅವರು ಅದನ್ನು ಗ್ಯಾಸು ಅಂದುಕೊಂಡರು. ನನಗೆ ಬರುವುದು ಗ್ಯಾಸು, ಹೃದಯಾಘಾತ ಅಂದುಕೊಳ್ಳುತ್ತೇನೆ. ವಂಶದ ಲೆಕ್ಕವನ್ನು ಯಾರಾದರೂ ಸರಿದೂಗಿಸಬೇಕಲ್ಲ.

ಈ ರೋಗಭೀತಿಗೆ ಇಂಗ್ಲಿಷಿನಲ್ಲಿರುವ ಹಳೆಯ ಹೆಸರು ಹೈಪೋಕಾಂಡ್ರಿಯ. ಅದು ಗ್ರೀಕ್ ಮೂಲದ್ದು, ಪಕ್ಕೆಲುಬಿನ ಮೃದ್ವಸ್ಥಿಯ ಕೆಳಗೆ ಎಂದರ್ಥ. ಕಾರಣ ಸಿಗದ ಖಿನ್ನತೆಯೆಲ್ಲ ಆ ಜಾಗದ ಅಂಗಗಳಿಂದ ಏಳುತ್ತದೆಂದು ಹಿಂದಿನ ವೈದ್ಯರು ನಂಬಿದ್ದರು. ಓದಿದಾಗ ನನಗೆ ರೋಮಾಂಚನವಾಯಿತು. ದೊಡ್ಡಕರುಳು ಎಡಕ್ಕೆ ತಿರುಗಿ ಕೆಳಗಿಳಿಯುವ ಮೂಲೆ ಇರುವುದು ಸರಿಯಾಗಿ ಅಲ್ಲೇ. ಹುರುಳಿಕಾಳಿನ ಸಾರು ಉಂಡ ರಾತ್ರಿ ವಾಯು ಬಂದು ಸಿಕ್ಕಿಕೊಳ್ಳುವುದು ಆ ಮೂಲೆಯಲ್ಲೇ. ಗ್ರೀಕರು ಜಾಗವನ್ನು ಸರಿಯಾಗಿಯೇ ಗುರುತಿಸಿದ್ದರು, ಹುರುಳಿಕಾಳೊಂದು ಗೊತ್ತಿರಲಿಲ್ಲ. 2013ರಲ್ಲಿ ಅಮೆರಿಕದ ಮನೋವೈದ್ಯರು ತಮ್ಮ ಕೈಪಿಡಿಯಿಂದ ಈ ಹೆಸರನ್ನು ತೆಗೆದುಹಾಕಿದರು, ಅದು ಬೈಗುಳದ ಹಾಗೆ ಕೇಳಿಸತೊಡಗಿತ್ತು. ನಮ್ಮ ಮನೆಯಲ್ಲಿ ಈಗಲೂ ಬೈಗುಳವೇ ಚಾಲ್ತಿಯಲ್ಲಿದೆ.

ಮೋಲಿಯೇರ್ ಕೊನೆಯದಾಗಿ ಬರೆದ ನಾಟಕ ನನ್ನಂಥವನ ಮೇಲೆಯೇ. ಆರೋಗ್ಯವಾಗಿದ್ದೂ ಸದಾ ಔಷಧಿಯ ಬಿಲ್ಲು ಕೂಡಿಸುತ್ತ ಕೂರುವ ಯಜಮಾನ. ಆ ಪಾತ್ರವನ್ನು ಮೋಲಿಯೇರನೇ ಮಾಡುತ್ತಿದ್ದ. 1673ರ ಫೆಬ್ರವರಿ 17, ನಾಲ್ಕನೆಯ ಪ್ರದರ್ಶನ. ನಿಜವಾಗಿಯೂ ಎದೆಯ ಕಾಯಿಲೆಯಿಂದ ಸೊರಗಿದ್ದವನಿಗೆ ರಂಗದ ಮೇಲೆಯೇ ವಿಪರೀತ ಕೆಮ್ಮು ಬಂತು. ಹೇಗೋ ಆಟ ಮುಗಿಸಿ ಮನೆಗೆ ಹೋದವನು ಆ ರಾತ್ರಿಯೇ ತೀರಿಕೊಂಡ. ಜನ ಇದನ್ನು ತಮಾಷೆಯ ಕತೆಯಂತೆ ಹೇಳುತ್ತಾರೆ. ನನಗಂತೂ ಓದಿದ ರಾತ್ರಿ ಕೆಮ್ಮು ಶುರುವಾಯಿತು.

ಆದರೆ ನನ್ನ ಫೈಲಿನ ಮೊದಲ ಇಸಿಜಿಯ ತಾರೀಖು ಅಪ್ಪನಿಗೂ ಮೋಲಿಯೇರನಿಗೂ ಸೇರಿದ್ದಲ್ಲ. ಅದು 2021ರ ನವೆಂಬರಿನದು. ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ಹೋದರು. 46 ವರ್ಷ. ಕಸರತ್ತು ಮಾಡಿದ ಮೈ, ನಗುಮುಖ. ಅಪ್ಪುಗೇ ಹೀಗಾದರೆ ನಾವೆಲ್ಲ ಯಾವ ಲೆಕ್ಕ ಎಂಬ ಮಾತು ಕರ್ನಾಟಕದ ಪ್ರತಿ ಕಟ್ಟೆಯ ಮೇಲೂ ಕೇಳಿತು. ಹೃದಯದ ಆಸ್ಪತ್ರೆಗಳ ಹೊರರೋಗಿ ವಿಭಾಗಗಳು ತುಂಬಿ ತುಳುಕಿದವು. ಆ ನೂಕುನುಗ್ಗಲಿನಲ್ಲಿ ನಾನೂ ಒಬ್ಬ. 48ಕ್ಕೆ ಮೊದಲ ಇಸಿಜಿ. ನಾರ್ಮಲ್ ಎಂದಾಗ ಸಿಕ್ಕಿದ ಆ ಹಗುರ ಇದೆಯಲ್ಲ, ಅದೇ ಮೋಸ ಮಾಡಿದ್ದು. ಒಮ್ಮೆ ರುಚಿ ಹತ್ತಿತೆಂದರೆ ಮುಗಿಯಿತು.

ಅನುಭವದಿಂದ ಹೇಳುತ್ತೇನೆ: ಇಸಿಜಿಯ ಸಮಾಧಾನ ನಾಲ್ಕು ದಿನ ಬಾಳುತ್ತದೆ. ಎಕೋದ್ದು ಹದಿನೈದು ದಿನ. ಟಿಎಂಟಿಯದು ತಿಂಗಳೊಪ್ಪತ್ತು. ಕೊಟ್ಟ ದುಡ್ಡನ್ನು ನೆಮ್ಮದಿಯ ದಿನಗಳಿಂದ ಭಾಗಿಸಿ ನೋಡಿದರೆ ಇಸಿಜಿಯೇ ಅಗ್ಗ, ಆದರೆ ಪ್ರೀಮಿಯಂ ಮತ್ತೆ ಮತ್ತೆ ಕಟ್ಟುತ್ತಿರಬೇಕು. ಟಿಎಂಟಿ ದೊಡ್ಡ ಪಾಲಿಸಿ. ಓಡುವ ಪಟ್ಟಿಯ ಮೇಲೆ ನಿಲ್ಲಿಸುತ್ತಾರೆ, ಮೂರು ಮೂರು ನಿಮಿಷಕ್ಕೆ ಅದರ ವೇಗವೂ ಏರೂ ಹೆಚ್ಚುತ್ತದೆ. 220ರಲ್ಲಿ ವಯಸ್ಸು ಕಳೆದರೆ ಗುಂಡಿಗೆಯ ಗರಿಷ್ಠ ಬಡಿತದ ಅಂದಾಜು. ನನಗೆ 168, ಅದರ ನೂರಕ್ಕೆ 85 ಭಾಗ ಮುಟ್ಟಬೇಕು, ಅಂದರೆ 143. ಪಟ್ಟಿ ಶುರುವಾಗುವ ಮೊದಲೇ, ಬರೀ ನಿಂತಿದ್ದಕ್ಕೇ, ನನ್ನದು 118 ಇತ್ತು. "ಸರ್, ಅರ್ಧ ಕೆಲಸ ನೀವೇ ಮುಗಿಸಿಕೊಂಡು ಬಂದಿದ್ದೀರಾ" ಎಂದಳು ಟೆಕ್ನೀಷಿಯನ್ ಹುಡುಗಿ. ಪಾಸಾದೆ. ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಅಷ್ಟು ಸಂತೋಷ ಆಗಿರಲಿಲ್ಲ. ಆ ಸಂತೋಷಕ್ಕೆ ಮಗಳು ಒಂದು ಕೈಗಡಿಯಾರ ಕೊಡಿಸಿದಳು, ನಾಡಿ ಲೆಕ್ಕ ಹಾಕುವಂಥದ್ದು. ಅದನ್ನು ನೋಡಿದರೆ ಬಡಿತ ಏರುತ್ತದೆ, ಏರಿತಲ್ಲ ಎಂದು ಇನ್ನೊಮ್ಮೆ ನೋಡಿದರೆ ಇನ್ನಷ್ಟು ಏರುತ್ತದೆ. ಒಂದು ಸಂಜೆ ಈಜಿಚೇರಿನಲ್ಲಿ ಮಲಗಿಕೊಂಡೇ ಚಾಮುಂಡಿಬೆಟ್ಟ ಹತ್ತಿದವನಷ್ಟು ಬಡಿಸಿಕೊಂಡೆ.

2025ರಲ್ಲಿ ನನಗೆ 52 ತುಂಬಿತು. ಅಪ್ಪನ ವಯಸ್ಸು. ಅದೇ ವರ್ಷ ಜೂನ್ ತಿಂಗಳಿಂದ ನಮ್ಮ ಹಾಸನ ಜಿಲ್ಲೆಯ ಸುದ್ದಿ ಶುರುವಾಯಿತು. ಹೃದಯಾಘಾತಕ್ಕೆ ಇಂದು ಇನ್ನೊಂದು ಬಲಿ ಎಂದು ಟಿ.ವಿ.ಯವರು ಕ್ರಿಕೆಟ್ ಸ್ಕೋರಿನಂತೆ ಎಣಿಸಿದರು. ಹರೆಯದವರೂ ಇದ್ದರು, ಅದು ಸುಳ್ಳಲ್ಲ. ಊರಿನಿಂದ ದಿನಕ್ಕೊಂದು ಫೋನು. ದೇವರಾಣೆಗೂ ಹೇಳುತ್ತೇನೆ, ಆ ಎರಡು ತಿಂಗಳು ಪಾಲಿಸಿ ಮಾಡಿಸುತ್ತೇನೆಂದು ತಾವಾಗಿಯೇ ಕರೆದವರು ಹೆಚ್ಚು. ನಾನು 'ನಾಳೆ ನಿಮಗೇನಾದರೂ' ಎಂದು ಶುರು ಮಾಡುವ ಅಗತ್ಯವೇ ಬೀಳಲಿಲ್ಲ. ಫಾರಂ ತುಂಬಿಸಿ ಮನೆಗೆ ಬಂದು ಕಮಿಷನ್ನಿನ ಜೊತೆಗೆ ಅವರ ಭಯವನ್ನೂ ಒಳಗೆ ಕರೆದುಕೊಳ್ಳುತ್ತಿದ್ದೆ. ಆ ಆಷಾಢದ ಒಂದೂವರೆ ಗಂಟೆಯ ಸ್ಕೂಟರ್ ಸವಾರಿ ಈ ದಿನಗಳದ್ದೇ.

ಅದಾದ ವಾರಕ್ಕೆ, ಹೆಂಡತಿಗೆ ವಾಕಿಂಗ್ ಎಂದು ಹೇಳಿ, ಬೆಳಗಿನ ಜಾವ ಕೆಆರ್‌ಎಸ್ ರಸ್ತೆಯ ಜಯದೇವ ಆಸ್ಪತ್ರೆಯ ಮುಂದೆ ಹೋಗಿ ನಿಂತೆ. ಕತ್ತಲಲ್ಲೇ ಸಾಲು ಗೇಟಿನಾಚೆಗೆ ಬೆಳೆದಿತ್ತು. ಹಾಸನ, ಮಂಡ್ಯ, ಚಾಮರಾಜನಗರ, ಎಲ್ಲ ಕಡೆಯವರು. ಟವೆಲ್ಲು ಸುತ್ತಿಕೊಂಡವರು, ಸ್ವೆಟರಿನವರು, ಜಾಗಿಂಗ್ ಬೂಟಿನವರು. ಒಬ್ಬೊಬ್ಬರೂ ತಮ್ಮ ನೋವಿನ ಜಾಗ ತೋರಿಸಿಕೊಳ್ಳುತ್ತಿದ್ದರು. ಹೊಸ ಗೆಳೆಯರಿಗೆ ಹೊಲದ ಎಲ್ಲೆ ತೋರಿಸುವ ಹಾಗೆ. ನನ್ನ ಮುಂದೆ ಕೆ.ಆರ್. ಪೇಟೆ ಕಡೆಯ ಒಬ್ಬರು ಯಜಮಾನರಿದ್ದರು. ಸ್ಟೆಂಟ್ ಹಾಕಿಸಿಕೊಂಡವರು, ತಪಾಸಣೆಗೆ ಬಂದವರು. ಕೂರುವುದಕ್ಕೆ ಕಲ್ಲು ಕೂಡ ಇರಲಿಲ್ಲ. ಅವರು ಹಿಂತಿರುಗಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಕೇಳಿದರು:

"ನಿಮಗೇನಾಗೈತೆ ಸ್ವಾಮಿ?"

"ಏನೂ ಇಲ್ಲ ಯಜಮಾನ್ರೇ, ಇದೆಯೋ ಇಲ್ಲವೋ ನೋಡೋಣ ಅಂತ."

"ಇಲ್ದೇ ಇರೋರೆಲ್ಲ ಮುಂದೆ ನಿಂತ್ರೆ ಇರೋರು ಎಲ್ಲಿಗೆ ಹೋಗ್ಬೇಕು ಯೋಳಿ."

ಮಾತಿನಲ್ಲಿ ಕೋಪ ಇರಲಿಲ್ಲ. ಅದಕ್ಕೇ ತಾಗಿತು. ಸಾಲಿನಿಂದ ಸದ್ದಿಲ್ಲದೆ ಹೊರಬಂದು, ಹೋಟೆಲಿಗೆ ಹೋಗಿ, ಬೆಣ್ಣೆ ಹಾಕಿದ ಮಸಾಲೆದೋಸೆ ತಿಂದೆ. ಎದೆ ಉರಿಯಲಿಲ್ಲ, ವಿಚಿತ್ರ. ಮುಂದೆ ಸರ್ಕಾರ ನೇಮಿಸಿದ ತಜ್ಞರ ಸಮಿತಿ, ಹಾಸನದಲ್ಲಿ ಹೃದಯದ ಸಾವುಗಳು ಹಿಂದಿಗಿಂತ ಅಸಹಜವಾಗಿ ಏರಿಲ್ಲ ಎಂದು ವರದಿ ಕೊಟ್ಟಿತು. ಸಾಯುವವರು ಮುಂಚೆಯೂ ಸಾಯುತ್ತಿದ್ದರು, ಎಣಿಸುವವರು ಇರಲಿಲ್ಲ ಎಂದಾಯಿತು. ಇದರಿಂದ ನನಗೆ ಸಮಾಧಾನ ಆಗಬೇಕಿತ್ತೋ ಬೇಡವೋ, ಇಂದಿಗೂ ತಿಳಿದಿಲ್ಲ.

ನಮ್ಮ ಬೀದಿಯ ಡಾಕ್ಟರು ಹಳೆಯ ಕಾಲದ ಎಂಬಿಬಿಎಸ್. ಫೈಲು ಮುಂದಿಟ್ಟರೆ ತೆರೆಯದೆ ಅದರ ಮೇಲೆ ಸ್ಟೆತಸ್ಕೋಪ್ ಇಟ್ಟರು. "ಇದರ ಬಡಿತ ಜೋರಾಗಿದೆ, ನಿಮ್ಮದು ಸರಿಯಾಗಿದೆ" ಎಂದರು. ಎದೆ ಒಂದೊಂದು ಬಡಿತ ತಪ್ಪಿಸುತ್ತದಲ್ಲ ಡಾಕ್ಟ್ರೇ ಎಂದೆ. ತಪ್ಪಿಸುವುದಿಲ್ಲ, ಒಂದು ಬಡಿತ ಹೊತ್ತಿಗೆ ಮುಂಚೆ ಬರುತ್ತದೆ, ಆಮೇಲೆ ಸ್ವಲ್ಪ ಬಿಡುವು, ಆ ಬಿಡುವು ನಿಮಗೆ ಗೊತ್ತಾಗುತ್ತದೆ. ಗಟ್ಟಿಮುಟ್ಟಾದ ಎಷ್ಟೋ ಜನಕ್ಕೆ ಆಗುತ್ತದೆ, ಅವರು ಕಿವಿಗೊಡುವುದಿಲ್ಲ ಅಷ್ಟೆ ಎಂದರು. ಹಾಗಾದರೆ ಇನ್ನು ಮೇಲೆ ಎದೆನೋವು ಬಂದರೆ ಸುಮ್ಮನಿರಲೇ ಎಂದು ಕೇಳಿದೆ. ಅವರ ನಗು ನಿಂತಿತು.

"ಹಾಗಂತ ನಾನು ಯಾವತ್ತೂ ಹೇಳಲ್ಲ. ಮೆಟ್ಟಿಲು ಹತ್ತುವಾಗ ಎದೆ ಹಿಂಡಿ, ನಿಂತರೆ ಬಿಟ್ಟರೆ ಬನ್ನಿ. ಎಡಗೈಗೋ ದವಡೆಗೋ ಎಳೆದರೆ, ಮೈಯೆಲ್ಲ ತಣ್ಣಗೆ ಬೆವೆತರೆ, ನನ್ನ ಹತ್ತಿರ ಬರಬೇಡಿ, ಸೀದಾ ದೊಡ್ಡಾಸ್ಪತ್ರೆಗೆ ಹೋಗಿ. ಗ್ಯಾಸು ಅಂತ ಸೋಡಾ ಕುಡಿದು ಕೂತವರನ್ನೂ ನೋಡಿದ್ದೀನಿ."

ಅವರಿಗೆ ಅಪ್ಪನ ವಿಷಯ ನಾನು ಹೇಳಿರಲಿಲ್ಲ. ಅವತ್ತು ಹೇಳಿದೆ. ಎರಡು ಬಾಟಲಿಯ ವಿಷಯವನ್ನೂ ಹೇಳಿದೆ. ಹೊರಗೆ ನಾಲ್ಕೈದು ಜನ ಕಾಯುತ್ತಿದ್ದರು. ಅವರು ಗಡಿಯಾರ ನೋಡಲಿಲ್ಲ. ಕೊನೆಗೆ ಒಂದು ಚೀಟಿಯ ಮೇಲೆ ಆಪ್ತಸಮಾಲೋಚಕಿಯೊಬ್ಬರ ವಿಳಾಸ ಬರೆದುಕೊಟ್ಟರು. ಮಾತ್ರೆ ಬರೆಯುತ್ತಾರೇನೋ ಎಂದು ಚೀಟಿಯ ಹಿಂಬದಿಯನ್ನೂ ತಿರುಗಿಸಿ ನೋಡಿದೆ.

ಆಕೆ ಮೊದಲು ಗಡಿಯಾರ ಬಿಚ್ಚಿಸಿದರು. ಆಮೇಲೆ ಒಂದು ಪುಸ್ತಕ ಇಡಲು ಹೇಳಿದರು. ನೋವು ಬಂದ ಹೊತ್ತು, ಜಾಗ, ಏನೆಂದುಕೊಂಡೆ, ಇಪ್ಪತ್ತು ನಿಮಿಷದ ಮೇಲೆ ಏನಾಯಿತು. ಆ ಇಪ್ಪತ್ತು ನಿಮಿಷ ಒತ್ತಿ ನೋಡುವಂತಿಲ್ಲ, ನಾಡಿ ಹಿಡಿಯುವಂತಿಲ್ಲ, "ಏನೂ ಆಗಲ್ಲ ಅಲ್ವೇನೇ" ಎಂದು ಹೆಂಡತಿಯನ್ನು ಕೇಳುವಂತಿಲ್ಲ. ಡಾಕ್ಟರು ಹೇಳಿದ ಲಕ್ಷಣ ಕಂಡರೆ ಮಾತ್ರ ಇಪ್ಪತ್ತು ನಿಮಿಷದ ನಿಯಮ ಲೆಕ್ಕಕ್ಕಿಲ್ಲ. ಇನ್ನು ಹೆದರಲೇಬೇಕೆಂದಿದ್ದರೆ ಸಂಜೆ ಆರರಿಂದ ಆರೂಕಾಲರವರೆಗೆ ಕುರ್ಚಿ ಹಾಕಿಕೊಂಡು ಹೆದರಬಹುದು. ಈ ಕಡೆಯದು ಬಹಳ ಕಷ್ಟದ ಕೆಲಸ. ಮಧ್ಯರಾತ್ರಿ ಅಷ್ಟು ಸಲೀಸಾಗಿ ಬರುವ ಸಾವಿನ ಯೋಚನೆ, ಸಂಜೆ ಆರಕ್ಕೆ ಕರೆದರೆ ಬರುವುದೇ ಇಲ್ಲ. ತರಕಾರಿ ಗಾಡಿಯವನು ಬರುತ್ತಾನೆ.

ಲೆಡ್ಜರ್ ಬರೆಯುವುದು ನನಗೆ ಒಗ್ಗಿದ ವಿದ್ಯೆ. ಮೊದಲ ತಿಂಗಳ ಕೊನೆಗೆ ಕೂಡಿಸಿದೆ. 31 ಹೃದಯಾಘಾತ. 31 ಕ್ಲೇಮೂ ತಿರಸ್ಕೃತ. ಎರಡನೆಯ ತಿಂಗಳು 22. ಮೂರನೆಯ ತಿಂಗಳು ಮತ್ತೆ 27ಕ್ಕೆ ಏರಿತು, ಊರಿನಲ್ಲಿ ನನ್ನ ವಾರಿಗೆಯವನೊಬ್ಬ ಹೋಗಿಬಿಟ್ಟ. ಅವನಿಗೆ ನಾನೇ ಪಾಲಿಸಿ ಮಾಡಿಸಿದ್ದೆ. ಅವನ ಮನೆಗೆ ಹೋಗಿ ಕಾಗದಪತ್ರಕ್ಕೆ ಸಹಿ ಹಾಕಿಸುವಾಗ ನನ್ನ ಎಡಗೈ ಜೋಮು ಹಿಡಿಯಿತು. ಇಪ್ಪತ್ತು ನಿಮಿಷ ಕಾದೆ. ಅವನ ಹೆಂಡತಿ ಕಾಫಿ ಕೊಟ್ಟರು, ಕುಡಿದೆ.

ವಿಮೆಯಲ್ಲಿ ವಯಸ್ಸಿನ ಲೆಕ್ಕಕ್ಕೆ ಒಂದು ರೂಢಿ ಇದೆ. ಯಾವ ಹುಟ್ಟುಹಬ್ಬ ಹತ್ತಿರವೋ ಅದನ್ನು ಹಿಡಿಯುವುದು. ನಾನು ಏಪ್ರಿಲ್‌ನವನು, ಆ ಪ್ರಕಾರ ಅಕ್ಟೋಬರಿನಲ್ಲೇ 53 ಆದೆ, ಅಪ್ಪನನ್ನು ದಾಟಿದೆ. ಈ ಶುಭವಾರ್ತೆಯನ್ನು ಹೆಂಡತಿಗೆ ತಿಳಿಸಿದಾಗ, "ಎದೆಗೆ ನಿಮ್ಮ ಆಫೀಸಿನ ರೂಲ್ಸು ಗೊತ್ತಿರಬೇಕಲ್ಲ" ಎಂದಳು. ಆದರೂ ಸಂಜೆ ಕೇಸರಿಬಾತ್ ಮಾಡಿದ್ದಳು.

ಸಂಕ್ರಾಂತಿಗೆ ಮಗಳು ಬೆಂಗಳೂರಿನಿಂದ ಬಂದಳು. ಕೆಲಸಕ್ಕೆ ಸೇರಿ ವರ್ಷವಾಗಿದೆ, ನನ್ನ ಬಲವಂತಕ್ಕೆ ಒಂದು ಪಾಲಿಸಿಗೆ ಒಪ್ಪಿದ್ದಳು. ಈಗ ಎಲ್ಲ ಮೊಬೈಲಿನಲ್ಲೇ ಮುಗಿಯುತ್ತದೆ. ನಾನು ಹಠ ಮಾಡಿ ಕಾಗದದ ಫಾರಂ ತೆಗೆದೆ. ಕುಟುಂಬದ ಚರಿತ್ರೆಗೆ ಬಂದಳು.

"ಅಪ್ಪ, ನಿನ್ನ ವಯಸ್ಸು 52 ತಾನೆ?"

"53. 53 ಬರಿ."

ಆರೋಗ್ಯದ ಸ್ಥಿತಿ ಎಂಬಲ್ಲಿ ನನ್ನನ್ನು ಕೇಳದೆಯೇ 'ಉತ್ತಮ' ಎಂದು ಬರೆದಳು.

"ಗ್ಯಾಸ್ಟ್ರಿಕ್ ಅಂತ ಒಂದು ಮಾತು ಸೇರಿಸಿದ್ದರೆ..."

"ಅಪ್ಪಾ."

ಸುಮ್ಮನಾದೆ. ಅವಳ ಪೆನ್ನು ಸಾಲುಸಾಲಾಗಿ ಕೆಳಗಿಳಿದು ನಿಂತಿತು. "ತಾತನ್ನ ಎಲ್ಲಿ ಬರೀಬೇಕು?"

ಕನ್ನಡಕ ಏರಿಸಿ ನೋಡಿದೆ. ಸಾವಿರಾರು ಫಾರಂ ತುಂಬಿಸಿದ್ದೇನೆ, ಗಮನಿಸಿಯೇ ಇರಲಿಲ್ಲ. "ತಾತನಿಗೆ ಕಾಲಂ ಇಲ್ಲ ಮಗಳೇ." ಅವಳು ಸಹಿ ಹಾಕಿದಳು.

ಅಡುಗೆಮನೆಯಿಂದ ಅಮ್ಮ ಕೂಗಿದಳು, ಹುಗ್ಗಿ ಆರಿಹೋಗ್ತದೆ ಬನ್ರೋ ಎಂದು. ನಮ್ಮ ಮನೆಯ ಹುಗ್ಗಿಗೆ 1995ರಿಂದ ತುಪ್ಪ ಬಿದ್ದಿಲ್ಲ. ಮಗಳಿಗೆ ಆ ಕಟ್ಟಳೆ ಗೊತ್ತಿಲ್ಲವೋ, ಗೊತ್ತಿದ್ದೂ ಲಕ್ಷ್ಯವಿಲ್ಲವೋ, ತಾನು ತಂದಿದ್ದ ಡಬ್ಬಿ ತೆರೆದು ತನ್ನ ತಟ್ಟೆಗೆ ಸುರಿದುಕೊಂಡು ನನ್ನದಕ್ಕೂ ಎರಡು ಚಮಚ ಹಾಕಿದಳು. ಅಮ್ಮ ನೋಡಿದಳು, ಏನೂ ಅನ್ನಲಿಲ್ಲ. ನಾನು ಎರಡನೆಯ ಸಲವೂ ಹಾಕಿಸಿಕೊಂಡೆ.

ರಾತ್ರಿ ಒಂದೂ ಇಪ್ಪತ್ತಕ್ಕೆ ಎದೆ ಉರಿಯಿತು. ನನ್ನವಳನ್ನು ಎಬ್ಬಿಸದೆ ಎದ್ದು, ದೀಪದ ಕೆಳಗೆ ಪುಸ್ತಕ ತೆರೆದೆ. ಹೊತ್ತು ಬರೆದೆ. ಜಾಗ ಬರೆದೆ. ಇಪ್ಪತ್ತು ನಿಮಿಷ ಕಾಯುತ್ತ ಕೂತೆ, ಹೊರಗೆ ಒಂದು ನಾಯಿ ಯಾರನ್ನೋ ನೋಡಿ ಬೊಗಳುತ್ತಿತ್ತು. ಆಮೇಲೆ 'ಏನೆಂದುಕೊಂಡೆ' ಎಂಬಲ್ಲಿ 'ತುಪ್ಪ' ಎಂದು ಬರೆದು ದೀಪ ಆರಿಸಿದೆ.